ಹೆಳವರ ಪುಸ್ತಕದಲ್ಲಿ ನಮ್ಮ ಕಸುಬು

ದೊಡ್ಡಬಳ್ಳಾಪುರ
ಮಾರ್ಚ್ ೧೯೭೨

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ನಿನ್ನೆ ನಾನು ತೂಬಗೆರೆಯ ನಮ್ಮ ಮನೆಗೆ ಹೋಗಿದ್ದಾಗ, ವಂಶಾವಳಿ ಓದುವ ಹೆಳವರ ಪಾಪಯ್ಯ ಬಂದಿದ್ದರು. ಹಿಂದೆ ಅವರು ಬಂದಾಗಲೆಲ್ಲ ನೀನು ರಾಗಿ ಅಳೆದುಕೊಟ್ಟು, ಪುಸ್ತಕ ಬಿಚ್ಚಿಸದೆ ಕಳಿಸಿಬಿಡುತ್ತಿದ್ದೆ. ಈ ಸಲ ನಾನೇ ಚಾಪೆ ಹಾಸಿ, "ಮೊದಲಿಂದ ಓದಿ ತಾತ" ಎಂದೆ.

ನಮ್ಮವರು ಯುದ್ಧಕ್ಕೆ ಹೆದರಿ, ಮಗ್ಗದ ಮರ ತಲೆಯ ಮೇಲೆ ಹೊತ್ತು, ತೆಲುಗು ಸೀಮೆಯಿಂದ ಆವತಿಗೆ ಬಂದವರಂತೆ. ಐದು ತಲೆಮಾರು ಸೀರೆ ನೇಯ್ದರಂತೆ. ಹೊಲ ಕೊಂಡು ಮಗ್ಗ ಬಿಟ್ಟವನು ನಿನ್ನ ತಾತ.

"ನಿಮ್ಮಪ್ಪಂಗೆ ಇದೆಲ್ಲ ಗೊತ್ತಿತ್ತು ಕಣಮ್ಮ. ಮಗಳ ಎದುರಿಗೆ ಓದ್ಬೇಡ ಅಂತಿದ್ದ" ಎಂದರು ಪಾಪಯ್ಯ.

ನಾನು ಮಗ್ಗ ಕಲಿಯಲು ಹೊರಟ ದಿನ, "ನಮ್ಮ ವಂಶದಲ್ಲಿ ಯಾರೂ ಮಗ್ಗ ಮುಟ್ಟಿದೋರಲ್ಲ" ಅಂದಿದ್ದೆ ನೀನು. ಆಮೇಲೆ ನಾವಿಬ್ಬರೂ ಮಾತಾಡಲೇ ಇಲ್ಲ.

ಪಾಪಯ್ಯ ನಿನ್ನ ಹೆಸರು ಬರೆದು, ಮುಂದೆ ಬೇಸಾಯ ಎಂದು ಸೇರಿಸಿದರು.

"ಅದರ ಕೆಳಗೆ ನಂದೂ ಬರೀರಿ" ಎಂದೆ.

"ಹೆಣ್ಮಕ್ಕಳ ಹೆಸರು ಬರೆಯೋ ಪದ್ಧತಿ ಇಲ್ವಲ್ಲಮ್ಮ."

"ಐದು ತಲೆಮಾರಿನ ಕಸುಬು ಈಗ ಮಾಡ್ತಿರೋಳು ನಾನೊಬ್ಬಳೇ. ನೀವು ಬರೆಯೋವರೆಗೂ ನಾನು ಏಳಲ್ಲ."

ಅವರು ಅಮ್ಮನ ಮುಖ ನೋಡಿದರು. ಅಮ್ಮ, "ಬರೀರಿ, ಅವಳು ಏಳೋಳಲ್ಲ" ಎಂದಳು. ಕೊನೆಗೆ ಬರೆದರು: ಮುನಿವೆಂಕಟಮ್ಮ, ನೇಯ್ಗೆ. ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ಎದ್ದೆ.

ನಾನು ನೇಯ್ದ ಮೊದಲ ಪಂಚೆಯನ್ನು ಅಮ್ಮನ ಕೈಯಲ್ಲಿ ನಿನಗೆ ಕಳಿಸಿದ್ದೆ. ನೀನು ಉಟ್ಟೆಯೋ ಇಲ್ಲವೋ ಎಂದು ಅವಳನ್ನು ನಿನ್ನೆಯೂ ಕೇಳಲಿಲ್ಲ.