ವಾರಸುದಾರರಿಲ್ಲದ ಡಿಸ್ಕ್

ಮಾರ್ಚ್ 4, ಮಂಗಳವಾರ
ಬೆಳಗಿನ ಚೆಕಿಂಗ್. ಆಸ್ಪತ್ರೆಯ ಸರ್ವರ್ ರೂಮು ಕೊರೆಯುತ್ತಿದೆ, ಸ್ವೆಟರ್ ಮರೆತೆ. ನಮ್ಮಲ್ಲಿ ಪ್ರತಿ ವರ್ಚುವಲ್ ಮಷಿನ್‌ಗೂ, ಅಂದರೆ ಸರ್ವರಿನೊಳಗೇ ಓಡುವ ಸಾಫ್ಟ್‌ವೇರ್ ಕಂಪ್ಯೂಟರಿಗೂ, ಒಂದು ನಂಬರ್. ಅದರ ಡಿಸ್ಕಿಗೂ ಅದೇ ನಂಬರಿನ ಹೆಸರು. ಪಟ್ಟಿಯಲ್ಲಿ ‘114-ಡಿಸ್ಕ್-1’ ಇದೆ. 114 ಎಂಬ ಮಷಿನ್ ಮಾತ್ರ ಇಲ್ಲ. ತುಂಬಿರುವುದು 61 ಪರ್ಸೆಂಟ್.

ಮಾರ್ಚ್ 6
62 ಆಗಿದೆ! ಯಾರೋ ಬರೆಯುತ್ತಿದ್ದಾರೆ. ಪಾಸ್‌ವರ್ಡ್ ಇರುವುದು ಇಬ್ಬರಿಗೆ. ನನಗೆ, ಭಾವನಿಗೆ. ಅಕ್ಕನ ಗಂಡ; ಈ ಕೆಲಸ ಕೊಡಿಸಿದವರೂ ಅವರೇ. ಕೇಳಿಯೇಬಿಟ್ಟೆ. ಪಕ್ಕದಲ್ಲಿ ಮ್ಯಾನೇಜರ್ ನಿಂತಿದ್ದರು. ಭಾವ ಅವರತ್ತ ಒಮ್ಮೆ ನೋಡಿ, “ಅದರ ತಂಟೆಗೆ ಹೋಗ್ಬೇಡ. ಆಮೇಲೆ ಹೇಳ್ತೀನಿ” ಎಂದರು.
ಅದೇನು ಆಮೇಲೆ? ತಲೆಗೆ ಹುಳ ಬಿಟ್ಟಂತಾಯಿತು.

ಮಾರ್ಚ್ 7
ಭಾವ ಕ್ಯಾಂಟೀನಿಗೆ ಕರೆದರು. ತಲೆನೋವು ಎಂದೆ. ಕಾಫಿ ಕುಡಿಸಿ ಕಣ್ಣಿಗೆ ಮಣ್ಣೆರಚುವ ಆಟ ನನ್ನ ಹತ್ತಿರ ನಡೆಯದು. ಸ್ವಂತ ಬಿಸಿನೆಸ್ ಏನಾದರೂ ಆಸ್ಪತ್ರೆಯ ಡಿಸ್ಕಿನಲ್ಲಿ ನಡೆಸುತ್ತಿದ್ದಾರೋ ಏನೋ... ಡಿಲೀಟ್ ಕೊಟ್ಟು ನೋಡಿದೆ. ‘ಬಳಕೆಯಲ್ಲಿದೆ’ ಎಂದು ನಿರಾಕರಿಸಿತು. ಇನ್ನೇನು ಸಾಕ್ಷಿ ಬೇಕು?

ಮಾರ್ಚ್ 8
ಮ್ಯಾನೇಜರಿಗೆ ಹೇಳಿದೆ. ಭಾನುವಾರ ಎಲ್ಲ ಬಂದ್ ಇರುವಾಗ ತೆಗೆದುಹಾಕು, ಸೋಮವಾರ ನಿನ್ನ ಭಾವನನ್ನು ವಿಚಾರಿಸೋಣ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದರು. ಭಾವನ ಕೆಲಸ ಹೋದರೆ ಅಕ್ಕನ ಗತಿ? ಆದರೂ ಕಳ್ಳತನ ಕಳ್ಳತನವೇ.

ಮಾರ್ಚ್ 9, ಬೆಳಿಗ್ಗೆ 11
ಯುಪಿಎಸ್ ರಿಪೇರಿ. ಎಲ್ಲ ಮಷಿನ್ ಬಂದ್, ಯಾವ ಡಿಸ್ಕೂ ಬಳಕೆಯಲ್ಲಿಲ್ಲ. ಈ ಸಲ ಡಿಲೀಟ್ ತಕರಾರಿಲ್ಲದೆ ಆಯಿತು.

ಮಾರ್ಚ್ 10, 9:40
ಸ್ಕ್ಯಾನಿಂಗ್ ವಿಭಾಗದಿಂದ ಫೋನ್. ಹಳೆಯ ರೋಗಿಗಳ ಒಂದು ಚಿತ್ರವೂ ತೆರೆಯುತ್ತಿಲ್ಲ. ಅವರ ಮಷಿನ್ 141. ಸೆಟ್ಟಿಂಗ್ ತೆರೆದೆ. ಅದಕ್ಕೆ ಜೋಡಿಸಿದ್ದ ಡಿಸ್ಕ್: 114-ಡಿಸ್ಕ್-1.
ಕಳೆದ ವರ್ಷ 114 ಅನ್ನು 141 ಮಾಡಿದವನು ನಾನು. ಮಷಿನ್ ನಂಬರ್ ಬದಲಿಸಿದೆ, ಡಿಸ್ಕಿನ ಹೆಸರು ಬದಲಿಸುವುದು ಮರೆತೆ. ಬ್ಯಾಕಪ್ ಪಟ್ಟಿಯಿಂದ 114 ಹೊಡೆದುಹಾಕಿ 141 ಸೇರಿಸದೆ ಬಿಟ್ಟವನೂ ನಾನೇ; ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಕೆಳಗೆ ಭಾವನ ಟಿಪ್ಪಣಿ, ಮೊನ್ನೆ ಬರೆದದ್ದು: ‘ಹೆಸರು ಹಳೆಯದು. ಹುಡುಗನಿಗೆ ಹೇಳಿ ಸರಿಮಾಡಿಸಬೇಕು. ಅಳಿಸಬೇಡಿ.’
ಮ್ಯಾನೇಜರ್ ಎದುರು ನನ್ನ ತಪ್ಪು ಎತ್ತಬಾರದೆಂದೇ ಅಂದು ಸುಮ್ಮನಾದರು. ಕ್ಯಾಂಟೀನಿಗೆ ಕರೆದದ್ದೂ ಅದಕ್ಕೇ.

ಮಧ್ಯಾಹ್ನ 3
ಮ್ಯಾನೇಜರ್ ಇಬ್ಬರನ್ನೂ ನಿಲ್ಲಿಸಿ, ಡಿಸ್ಕಿಗೆ ಹಳೆಯ ಹೆಸರನ್ನೇ ಉಳಿಸಿದ್ದು ಯಾರೆಂದು ಕೇಳಿದರು. ನಾನು ನೆಲ ನೋಡಿದೆ.
“ನಂದೇ ಸರ್ ತಪ್ಪು” ಎಂದರು ಭಾವ. ನನ್ನ ಕಡೆ ನೋಡಲಿಲ್ಲ.
ಐಡಿ ಕಾರ್ಡ್ ಮೇಜಿನ ಮೇಲಿಟ್ಟು ಹೋದರು.

ಸಂಜೆ 6
ಅಕ್ಕನ ಫೋನ್. “ಇವರು ಬಂದಾಗಿಂದ ಮಾತೇ ಆಡ್ತಿಲ್ಲ ಕಣೋ. ಏನಾಯ್ತು, ನೀನಾದ್ರೂ ಹೇಳು.”
ಒಂದು ನಿಮಿಷ ಬಂದೆ ಎಂದು ಇಟ್ಟೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಅಕ್ಕಾ, ಆ ಡಿಸ್ಕು ಅಳಿಸಿದ್ದು ನಾನು, ತಪ್ಪೂ ನಂದೇ.