ಸಖುಬಾಯಿಯ ಖೋಲಿಗಾಗಿ ನಾನು ಹಾಕಿಸಿದ ವೇಷ

ಕುಂತ ದೈವಕ್ಕೆ ಶರಣು! ನಿಂತ ದೈವಕ್ಕೂ ಶರಣು! ಮುಂದೆ ಚಾಪೆ ಹಾಸಿಕೊಂಡ ಹಿರಿಯರೇ, ಹಿಂದೆ ಸೆರಗು ಹೊದ್ದು ಕೂತ ತಾಯಂದಿರೇ, ಕೇಳಿರಿ! ನೀವು ಯಾರೂ ಎದುರಿಗಿಲ್ಲ, ಬಲ್ಲೆ. ಆದರೆ ನಲವತ್ತು ವರ್ಷ ಊರೂರಿನ ನಾಟಕದಲ್ಲಿ ರಾಜನಾಗಿ, ರಾಕ್ಷಸನಾಗಿ ಕೂಗಿದವನಿಗೆ ಮಂದಿಗೆ ಕೈಮುಗಿಯದೆ ಬಾಯಿ ತೆರೆಯುವುದಿಲ್ಲ. ಇದು ನನ್ನ ಅಕ್ಕನ ಮಗಳಿಗೆ ಬರೆದ ಪತ್ರ. ನೀವು ಕೂತು ಕೇಳುತ್ತಿದ್ದೀರಿ ಅಂದುಕೊಂಡರೆ ನನ್ನ ತಪ್ಪನ್ನು ಸಣ್ಣದು ಮಾಡಿ ಹೇಳುವ ಧೈರ್ಯ ನನಗೆ ಬರಲಾರದು.

ಚಿರಂಜೀವಿ ಮನಿಷಾಳಿಗೆ ನಿನ್ನ ಮಾಮಾ ರೇವಣಸಿದ್ಧನ ಆಶೀರ್ವಾದಗಳು.

ನೀನು ನನ್ನ ಫೋನು ಎತ್ತುತ್ತಿಲ್ಲ. ಎತ್ತಬೇಡ. ಫೋನಿನಲ್ಲಾದರೆ ನಾನು ದನಿ ಏರಿಸಿ ನಿನ್ನನ್ನು ಸುಮ್ಮನಾಗಿಸಿಬಿಡುತ್ತೇನೆ. ಕಾಗದಕ್ಕೆ ಆ ದನಿ ಇಲ್ಲ.

ಆಗಸ್ಟಿನ ಆ ದಿನ ನೆನಪಿದೆಯಲ್ಲ? ಜತ್ತದ ಕಡೆಯ ನಮ್ಮ ಹಳ್ಳಿಯಿಂದ ಮಿರಜಿಗೆ ಬಂದು, ಫಾರ್ಮಸಿ ಕಾಲೇಜಿನ ಹಾಸ್ಟೆಲ್ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನಿನ್ನ ಹೆಸರು ಹುಡುಕಿದೆವು. ನೀನು ಮೇಲಿನಿಂದ ಕೆಳಗೆ, ನಾನು ಕೆಳಗಿನಿಂದ ಮೇಲೆ. ಜಾಗ ಸಿಕ್ಕವರ ಪಟ್ಟಿಯಲ್ಲಿ ನೀನಿರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಹದಿನೇಳನೆಯವಳಾಗಿದ್ದೆ. ಕಿಟಕಿಯೊಳಗಿನ ಹೆಂಗಸು ತಲೆಯನ್ನೂ ಎತ್ತದೆ, “ಕಾಕಾ, ಜಾಗಾ ನಾಹಿ. ಬಾಹೇರ ಖೋಲಿ ಬಘಾ” ಎಂದಳು. ಜಾಗವಿಲ್ಲ, ಹೊರಗೆ ಬಾಡಿಗೆ ಕೋಣೆ ನೋಡಿಕೊಳ್ಳಿ ಅಂತ. ಎಷ್ಟು ಹಗುರಾಗಿ ಹೇಳಿದಳು!

ಎರಡು ದಿನ ನಡೆದೆವು. ಒಂದು ಮನೆಯಲ್ಲಿ ಹುಡುಗರಿಗಷ್ಟೇ ಕೊಡುತ್ತಾರಂತೆ. ಇನ್ನೊಂದರಲ್ಲಿ ದವಾಖಾನೆಗೆ ಬಂದ ಪೇಷಂಟಿನ ಮಂದಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರಂತೆ; ವರ್ಷಗಟ್ಟಲೆ ಇರುವ ಹುಡುಗಿ ಅವರಿಗೆ ಬೇಡ. ಆಮೇಲೆ ಸಿತಾರ್ ಮಾಡುವ ಅಂಗಡಿಯ ಮೇಲಿನ ಖೋಲಿ. ಒಣಗಿದ ಸೋರೆ ಬುರುಡೆಗಳು ಸಾಲಾಗಿ ತೂಗುತ್ತಿದ್ದವು, ಮೆಟ್ಟಿಲ ಮೇಲೆ ಕಟ್ಟಿಗೆಯ ಪುಡಿ. ನಿನಗೆ ಹಿಡಿಸಿತು. “ಮಾಮಾ, ಇಲ್ಲೇ ಇರ್ತೇನಿ. ಯಾರ ಪೈಕಿ, ಏನ್ ಉಣ್ತಿ ಅಂತ ಒಬ್ಬರರ ಕೇಳಿದ್ರೇನು?” ಅಂದೆ. ದಿನವಿಡೀ ಗಂಡಸರು ಓಡಾಡುವ ಜಾಗ ಎಂದು ನಾನೇ ನಿನ್ನನ್ನು ಎಳೆದುಕೊಂಡು ಬಂದೆ. ಯಾರೂ ಜಾತಿಯನ್ನೂ ಊಟವನ್ನೂ ಕೇಳದ ಒಂದೇ ಒಂದು ಮನೆ ಅದು, ಮಗಳೇ.

ಸಂಜೆಗೆ ಸಖುಬಾಯಿಯ ಬಾಗಿಲಿಗೆ ಬಂದೆವು. ಸಾರಿಸಿದ ಅಂಗಳ, ಕಾಲೇಜಿಗೆ ಹತ್ತು ನಿಮಿಷದ ದಾರಿ, ಒಬ್ಬಂಟಿ ಜೈನ ಮುದುಕಿ. ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ ಆಕೆಯ ಮುಖ ಅರಳಿತು. “ಬರ್ರಿ, ಕುಂದ್ರಿ. ಮನ್ಯಾಗ ಉಳ್ಳಾಗಡ್ಡಿ, ಬೆಳ್ಳೊಳ್ಳಿ ನಡ್ಯಾಂಗಿಲ್ರಿ. ಹೊತ್ತು ಮುಣಗೂದ್ರಾಗ ಊಟ ಮುಗೀಬೇಕು. ಅಂದಂಗ, ನೀವು ಯಾರ ಪೈಕಿ?”

ಹಾಲುಮತದವರು, ಕುರಿ ಸಾಕುವವರು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ಎರಡು ದಿನದ ದಣಿವು, ಕೈಗೆ ಬಂದ ಖೋಲಿ ಹೋದೀತೆಂಬ ಅಂಜಿಕೆ; ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಎದುರಿಗೆ ಕೇಳುವವರು ಕೂತರೆ ನನ್ನೊಳಗೆ ಏಳುವ ಆ ಹಾಳು ಉಮೇದು. ಬೆನ್ನು ನೆಟ್ಟಗಾಯಿತು, ದನಿ ಮೆತ್ತಗಾಯಿತು. “ನಾವೂ ನಿಮ್ಮವ್ರೇ ರಿ, ತಾಯಿ. ಪಾರಿಸಪ್ಪ ಅಂತಾರ ನನಗ. ಹೊಲಾ ಐತಿ, ಕಾಳಿನ ವ್ಯಾಪಾರ ಐತಿ. ನಮ್ಮ ಪೋರಿ ಹುಟ್ಟಿದಾಗಿಂದ ಬೆಳ್ಳೊಳ್ಳಿ ಕಂಡಾಕ್ಯಲ್ಲ!” ನೀನು ಹಿಂದಿನಿಂದ ನನ್ನ ಅಂಗಿ ಜಗ್ಗಿದೆ. ನಾನು ನಿಲ್ಲಲಿಲ್ಲ. ಇನ್ನೂ ಎರಡು ಮಾತು ಸೇರಿಸಿದೆ.

ಕೀಲಿ ಸಿಕ್ಕಿತು. ಗೆದ್ದವನಂತೆ ಮೀಸೆ ತಿರುವುತ್ತ ಹೊರಬಂದೆ. ಓಣಿಯ ತಿರುವಿನಲ್ಲಿ ನೀನು ನಿಂತೆ. “ಮಾಮಾ, ನೀ ನಾಟಕ ಮುಗಿದ ಮ್ಯಾಲ ಬಣ್ಣಾ ತೊಳಕೊಂಡು ಮನಿಗೆ ಹೊಕ್ಕಿ. ನಾ ಎಲ್ಲಿ ತೊಳಕೊಳ್ಳಲಿ?” ನಾನು ನಕ್ಕುಬಿಟ್ಟೆ. “ಭೇಷ್! ಎಂಥಾ ಮಾತು!” ಎಂದು ನಿನ್ನ ಬೆನ್ನು ತಟ್ಟಿದೆ. ಅದು ಪ್ರಶ್ನೆ ಎಂದು ನನಗೆ ಹೊಳೆಯಲೇ ಇಲ್ಲ.

ಐದು ತಿಂಗಳು ನೀನು ಆ ವೇಷದಲ್ಲಿ ಬದುಕಿದೆ. ಚಳಿಗಾಲದಲ್ಲಿ ಹೊತ್ತು ಬೇಗ ಇಳಿಯುತ್ತದೆ. ಪ್ರಯೋಗಶಾಲೆಯಿಂದ ಏದುಸಿರು ಬಿಡುತ್ತ ಓಡಿಬರುತ್ತಿದ್ದೆ. ಸಖುಬಾಯಿ ತಾಟು ಮುಚ್ಚಿಟ್ಟುಕೊಂಡು ಬಾಗಿಲಲ್ಲೇ ಇರುತ್ತಿದ್ದಳಂತೆ, “ಲಗೂನ ಉಣ್ಣ ಪೋರಿ, ಸೂರ್ಯಾ ಹೊಂಟ” ಎನ್ನುತ್ತ. ಬಸದಿಗೂ ಜೊತೆಗೆ ಕರೆದೊಯ್ಯುತ್ತಿದ್ದಳು. “ಅಕಿ ಛಲೋ ಅದಾಳ ಮಾಮಾ, ಅದಕ್ಕs ಭಾಳ ತ್ರಾಸ ಆಗ್ತೈತಿ. ಖರೇ ಹೇಳಿಬಿಡೂಣು” ಎಂದು ನೀನು ಎರಡು ಸಲ ಬೇಡಿಕೊಂಡೆ. ಹಾಸ್ಟೆಲಿನಲ್ಲಿ ಜಾಗ ಸಿಗುವತನಕ ತಡಿ ಎಂದೆ. ಎರಡು ಸಲವೂ.

ಆಮೇಲೆ ನಿನ್ನ ಅವ್ವನ ಕಣ್ಣು. ಮಿರಜಿನ ದವಾಖಾನೆಯಲ್ಲಿ ತೋರಿಸಿ ಹೊರಗೆ ಬಂದಾಗ ಮುತ್ತಕ್ಕ ಹಟ ಹಿಡಿದಳು, “ಮಗಳ ಮನಿ ನೋಡಲಾರ್ದ ಹೋಗಾಕಿ ಅಲ್ಲ.” ಕಂಕುಳಲ್ಲಿ ನಿನಗಾಗಿ ತಂದ ಕಂಬಳಿ, ನಮ್ಮ ಕುರಿಗಳದ್ದೇ ಉಣ್ಣೆ. ಅಕ್ಕನಿಗೆ ನಾನು ಏನನ್ನೂ ಹೇಳಿರಲಿಲ್ಲ. ಹೇಳಲು ನಾಚಿಕೆ. ದಾರಿಯುದ್ದಕ್ಕೂ ಸಖುಬಾಯಿ ಮನೆಯಲ್ಲಿರದಿರಲಿ ಎಂದು ಬೇಡಿಕೊಂಡೆ. ಆಕೆ ಬಾಗಿಲಲ್ಲೇ ನಿಂತಿದ್ದಳು.

“ಪಾರಿಸಣ್ಣಾ ಬರ್ರಿ! ಇವ್ರು ಯಾರ?”

ನೀನು ಒಳಗಿನಿಂದ ಓಡಿಬಂದೆ. “ಅ” ಎಂದು ಬಾಯಿ ತೆರೆದೆ. ಕುರಿಯ ಕಂಬಳಿ ಹಿಡಿದು ನಿಂತವಳು ನಿನ್ನ ಅವ್ವ ಎಂದರೆ ನನ್ನ ಪಾರಿಸಪ್ಪನ ವೇಷ ಕಳಚುತ್ತಿತ್ತು; ನಾನು ನಡುವೆ ಬಾಯಿ ಹಾಕಿದೆ: “ನಮ್ಮ ಹೊಲದ ಆಳರಿ, ತಾಯಿ.”

ಅಕ್ಕ ನನ್ನನ್ನು ನೋಡಿದಳು. ನಿನ್ನನ್ನು ನೋಡಿದಳು. ಒಂದೇ ಗಳಿಗೆ. ಆಮೇಲೆ ಎರಡೂ ಕೈ ಜೋಡಿಸಿ, “ಹೌದ್ರಿ ಅವ್ವಾರ. ಧಣ್ಯಾರು ಕಣ್ಣು ತೋರಸಾಕ ಕರ್ಕೊಂಡು ಬಂದಾರ” ಎಂದು ಹೊರಗಿನ ಕಲ್ಲಿನ ಮೇಲೆ ಕೂತಳು. ಚಿಕ್ಕವನಿದ್ದಾಗ ನನಗೆ ತುತ್ತು ಮಾಡಿ ಉಣಿಸಿದ ಅಕ್ಕ ನನ್ನನ್ನು ಧಣಿ ಎಂದಳು. ಕಂಬಳಿಯನ್ನು ನಿನ್ನತ್ತ ಚಾಚಿ, “ತಗೋರಿ ಬಾಯಾರ, ಥಂಡಿ ಭಾಳ ಐತಿ” ಎಂದಳು. ಸಖುಬಾಯಿ ತಂದ ನೀರು ಕುಡಿದು, ತಂಬಿಗೆಯನ್ನು ತೊಳೆದು ಬೋರಲಿಟ್ಟಳು. ಬಸ್ಸಿನಲ್ಲಿ ಬಹಳ ದೂರ ಬಂದ ಮೇಲೆ ನನ್ನ ಮೊಣಕೈ ಮುಟ್ಟಿ ಮೆಲ್ಲಗೆ ಕೇಳಿದಳು: “ತಮ್ಮಾ, ನಾ ಬರೋಬ್ಬರಿ ಮಾತಾಡಿದ್ನೆಲ್ಲೊ? ಪೋರಿ ಖೋಲಿಗೇನೂ ಧಕ್ಕಿ ಆಗಂಗಿಲ್ಲಲ್ಲ?”

ಅವತ್ತಿನಿಂದ ನನಗೆ ಬಣ್ಣದ ಡಬ್ಬಿ ಮುಟ್ಟಲು ಮನಸ್ಸಾಗಿಲ್ಲ.

ಮರುದಿನವೇ ನೀನು ಖೋಲಿ ಬಿಟ್ಟೆ. ಈಗ ಕವಲಾಪುರದಲ್ಲಿ ನಿನ್ನ ಗೆಳತಿ ಸ್ವಪ್ನಾಲಿಯ ಮನೆಯಲ್ಲಿ, ಅವಳ ಅಜ್ಜಿಯ ಮಂಚದ ಪಕ್ಕದಲ್ಲಿ ಮಲಗುತ್ತೀಯಂತೆ. ಸಾಂಗಲಿಯಲ್ಲಿ ಬಸ್ಸು ಬದಲಿಸಿ ಮಿರಜ ಮುಟ್ಟುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತದಂತೆ. ಹಾಜರಿ ಹೀಗೇ ಇಳಿದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಸ್ವಪ್ನಾಲಿ ಹೇಳಿದಳು. ಅವಳನ್ನು ಬೈಯಬೇಡ, ನಾನೇ ಕಾಡಿ ಕೇಳಿದೆ.

ನಿನ್ನೆ ಮಧ್ಯಾಹ್ನ ಸಖುಬಾಯಿಯ ಫೋನು ಬಂತು. “ಪಾರಿಸಣ್ಣಾ, ಪೋರಿ ಹೇಳಲಾರ್ದ ಹೋಗ್ಯಾಳ. ಬೇಗ ಉಣ್ಣು, ಬೇಗ ಉಣ್ಣು ಅಂತ ನಾ ಗಂಟು ಬಿದ್ದಿದ್ದು ತಪ್ಪಾತೇನ? ಖೋಲಿ ಹಂಗs ಇಟ್ಟೇನಿ.” ಅಳುತ್ತಿದ್ದಳೋ ಏನೋ. ಆಗಲಾದರೂ ಹೇಳಬೇಕಿತ್ತು. “ಓದೂದು ಭಾಳ ಐತ್ರಿ ತಾಯಿ, ಗೆಳತಿ ಕಡೆ ಹೋಗ್ಯಾಳ” ಎಂದು ಮತ್ತೊಂದು ಸುಳ್ಳು ಉದುರಿಸಿದೆ.

ಅವತ್ತು ನಿಜ ಹೇಳಿದ್ದರೆ ಆಕೆ ಬೇಡ ಎನ್ನುತ್ತಿದ್ದಳೋ, ಊಟದ ಕಟ್ಟಳೆ ನಡೆಸಿಕೊಂಡು ಇರು ಎನ್ನುತ್ತಿದ್ದಳೋ, ನನಗೆ ಗೊತ್ತಿಲ್ಲ. ಬೇಡ ಎಂದಿದ್ದರೆ ಮುಂದಿನ ಮನೆಗೆ ನಡೆಯುತ್ತಿದ್ದೆವು, ಅಷ್ಟೇ. ಆಕೆಯ ಮಾತನ್ನೂ ನಾನೇ ಆಡಿಬಿಟ್ಟೆ, ನಿನ್ನ ಮಾತನ್ನೂ ನಾನೇ ಆಡಿಬಿಟ್ಟೆ.

ಕ್ಷಮಿಸು ಎಂದು ಕೇಳುವುದಿಲ್ಲ. ಆ ಮಾತನ್ನು ರಂಗದ ಮೇಲೆ ಎಷ್ಟೋ ಸಲ ಅತ್ತು ಹೇಳಿದ್ದೇನೆ, ಚಪ್ಪಾಳೆ ಬಿದ್ದಿವೆ. ಇನ್ನು ನೀನು ಎಲ್ಲಿರಬೇಕೆಂಬುದು ನಿನಗೆ ಬಿಟ್ಟದ್ದು. ನಿನ್ನ ಓದು ನಿಲ್ಲದಿರಲಿ. ಇರುವ ಮನೆಯಲ್ಲಿ ನಿನ್ನ ಅವ್ವನನ್ನು ಗಟ್ಟಿಯಾಗಿ ಅವ್ವಾ ಎಂದು ಕರೆಯುವಂತಾಗಲಿ. ಇದೇ ನನ್ನ ಹರಕೆ.

ನಿನ್ನ ಮಾಮಾ,
ರೇವಣಸಿದ್ಧ

ನಾಳೆ ಬೆಳಿಗ್ಗೆ ಮೊದಲ ಎಸ್.ಟಿ. ಬಸ್ಸು ಹತ್ತಿ ಮಿರಜಿಗೆ ಹೋಗುತ್ತೇನೆ. ಸಖುಬಾಯಿ ಬಾಗಿಲು ತೆರೆದು “ಬರ್ರಿ ಪಾರಿಸಣ್ಣಾ” ಎನ್ನುತ್ತಾಳೆ. ಹೊಸ್ತಿಲು ದಾಟುವ ಮುಂಚೆಯೇ, ಅಂಗಳದಲ್ಲಿ ನಿಂತು, “ಅದು ನನ್ನ ಹೆಸರಲ್ಲರಿ, ತಾಯಿ” ಎನ್ನುತ್ತೇನೆ.