ಕೆಂಪು ಬಣ್ಣದ ನಲವತ್ತೊಂದು

ಮಾರ್ಚ್ 3, ಬೆಳಿಗ್ಗೆ 6
ಕಾಫಿ. ಎರಡು ಮೊಟ್ಟೆ. ಬೇಲಿಯಾಚೆ ಕಳೆ ಇನ್ನೊಂದು ಗೇಣು ಎದ್ದಿದೆ.
ಗಾಲ್ಫ್ ಮೈದಾನ ಮುಚ್ಚಿ ಮೂರು ವರ್ಷ. ಮಾಲೀಕ ಪ್ರೆಂಟಿಸ್ ನೀರು ನಿಲ್ಲಿಸಿ ಹುಲ್ಲೆಲ್ಲ ಒಣಗಿಸಿದ. ಅರಿಜೋನಾದ ಬಿಸಿಲಿಗೆ ಅಷ್ಟೇ ಸಾಕು. ಈಗ ಅಲ್ಲಿ ಮೂರಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟಬೇಕಂತೆ. ಜಮೀನಿನ ವಲಯವನ್ನು ಮೈದಾನದಿಂದ ವಸತಿಗೆ ಬದಲಿಸಿಕೊಡಿ ಅಂತ ನಗರಸಭೆಗೆ ಅರ್ಜಿ. ಕಟ್ಟಿದರೆ ಅವರ ಬಾಲ್ಕನಿ ನೇರ ನನ್ನ ಅಡುಗೆಮನೆಗೆ. ಚಡ್ಡಿಯಲ್ಲಿ ನಿಂತು ಮೊಟ್ಟೆ ಹುರಿಯುವವನು ನಾನು. ಬಿಡುವುದಿಲ್ಲ.

ಮಾರ್ಚ್ 5
ನಿವಾಸಿಗಳ ಸಂಘದಿಂದ ನೋಟಿಸ್. ನನ್ನ ಕಸದ ಡಬ್ಬದ ಮೇಲೆ ಮನೆ ನಂಬರ್ ಇಲ್ಲವಂತೆ. ಸಹಿ: ಅಧ್ಯಕ್ಷೆ ಕಾರ್ಲಿಸ್. ನನ್ನ ಅಣ್ಣನ ಮಗಳು! ಈ ತೊಡೆಯ ಮೇಲೆ ಆಡಿದವಳು.
ಬಣ್ಣ ತಂದೆ. ಡಬ್ಬದ ನಾಲ್ಕೂ ಕಡೆ, ಮುಚ್ಚಳದ ಮೇಲೂ... ಮೊಳದುದ್ದದ ಕೆಂಪು 41. ಈಗ ಬರಲಿ.

ಮಾರ್ಚ್ 9
ಸಂಘದ ಸಭೆ. ಪ್ರೆಂಟಿಸ್ ಅರ್ಜಿಯ ವಿಚಾರಣೆ ನಗರಸಭೆಯಲ್ಲಿ 24ಕ್ಕೆ. ಕಾರ್ಲಿಸ್‌ಳ ವಾದ: ಜಾಗ ಇನ್ನೂ ಕೆಟ್ಟಿಲ್ಲ, ಪಾರ್ಕ್ ಮಾಡಬಹುದು. ನೂರಹನ್ನೆರಡು ಸಹಿ. ಆರು ಶನಿವಾರ ಅವಳ ತಂಡ ಗಾಲ್ಫ್ ಚೆಂಡು ಬೀಳಿಸುವ ಏಳನೇ ಕುಳಿಯ ಸುತ್ತ ಕಳೆ ಕತ್ತರಿಸಿ ಮುಗಿಸಿದೆ.
ಎದ್ದು ನಿಂತು ಹೇಳಿದೆ, ಇದೆಲ್ಲ ಮಕ್ಕಳಾಟ, ಪ್ರೆಂಟಿಸ್ ಜಾಗವನ್ನು ಹೇಗೆ ಹಾಳುಗೆಡವಿದ್ದಾನೆ ಅಂತ ತೋರಿಸಬೇಕು, ದಂಡ ಹಾಕಿಸಬೇಕು ಅಂತ.
"ಚಿಕ್ಕಪ್ಪ, ನೀವು ದಯವಿಟ್ಟು ಏನೂ ಮಾಡ್ಬೇಡಿ. ಅದೇ ದೊಡ್ಡ ಉಪಕಾರ."
ಎಲ್ಲರೂ ನಕ್ಕರು. ನಗಲಿ. ನೆಬ್ರಾಸ್ಕಾದ ಹಳ್ಳಿಯಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದ ತಲೆ ಇದು — ಇವರ ಕಾಲೇಜು ಇದರ ಮುಂದೆ ನಿಲ್ಲದು.

ಮಾರ್ಚ್ 15, ಬೆಳಿಗ್ಗೆ 5.40
ಮುಗಿಸಿ ಬಂದೆ. ಹಳೇ ಸೋಫಾ, ನಾಲ್ಕು ಟೈರು, ಒಡೆದ ವಾಶ್ ಬೇಸಿನ್‌ಗಳು. ಚಿಲ್ಲರೆಯೆಲ್ಲ ನನ್ನ ಡಬ್ಬದಲ್ಲೇ ತುಂಬಿ ಏಳನೇ ಕುಳಿಯವರೆಗೆ ಉರುಳಿಸಿಕೊಂಡು ಹೋದೆ. ಡಬ್ಬವನ್ನೂ ಮಗುಚಿ ಹಾಕಿದೆ, ಕಸ ಚೆಲ್ಲಿದಂತೆ ಕಾಣಲಿ ಅಂತ. ಮೂವತ್ತೊಂದು ಫೋಟೋ. ಸೊಂಟ ಹಿಡಿದಿದೆ, ಆದರೆ ಏನು ಜೋಡಣೆ! ಡಬ್ಬ ಮಾತ್ರ ವಾಪಸ್ ತಂದೆ.
ಫೋಟೋಗಳು ನಗರಸಭೆಗೆ ಹೋದವು. ಹೆಸರು: ನೊಂದ ನಾಗರಿಕ.

ಮಾರ್ಚ್ 24, ಸಂಜೆ
...
ಪ್ರೆಂಟಿಸ್‌ನ ವಕೀಲೆ. ಸಣ್ಣ ಹೆಂಗಸು, ಮೆತ್ತನೆ ದನಿ. ಗೋಡೆಯ ಮೇಲೆ ಒಂದೊಂದೇ ಫೋಟೋ ಬಿಟ್ಟಳು. ನನ್ನವೇ. ನಗರಸಭೆಗೆ ಬಂದ ದೂರನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದಂತೆ.
"ಜಾಗ ಚೆನ್ನಾಗಿದೆ, ಪಾರ್ಕ್ ಮಾಡ್ತೀವಿ ಅಂತಾರೆ ಸಂಘದವ್ರು. ಅವ್ರೇ ಇದನ್ನ ತಿಪ್ಪೆ ಮಾಡ್ಕೊಂಡಿದಾರೆ, ನೋಡಿ."
ಒಂದು ಫೋಟೋ ದೊಡ್ಡದು ಮಾಡಿದಳು. ಸೋಫಾ ಪಕ್ಕ ಡಬ್ಬ. ಕೆಂಪು 41. ಗೋಡೆ ತುಂಬ.
ಪ್ರೆಂಟಿಸ್ ಪರ ನಾಲ್ಕು ಮತ, ವಿರೋಧ ಒಂದು. ವಲಯ ಬದಲಾಯಿತು.
ಕಾರು ನಿಲ್ಲಿಸಿದಲ್ಲಿ ಕಾರ್ಲಿಸ್ ಕಾದಿದ್ದಳು. ಬೈಯಲಿಲ್ಲ. "ಬಣ್ಣ ಚೆನ್ನಾಗಿ ಬಳ್ದಿದೀರಿ, ಚಿಕ್ಕಪ್ಪ. ಕೊನೇ ಸಾಲಿನವರಿಗೂ ಓದಕ್ಕಾಯ್ತು."

ಏಪ್ರಿಲ್ 20
ಯಾರೂ ಕೈ ಬೀಸುವುದಿಲ್ಲ. ಬೇಲಿಯಾಚೆ ಗೂಟ ನೆಟ್ಟಿದ್ದಾರೆ, ಕಿತ್ತಳೆ ಪಟ್ಟಿ ಕಟ್ಟಿ. ಒಂದು ಸರಿಯಾಗಿ ಅಡುಗೆಮನೆ ಕಿಟಕಿಯ ಎದುರು.
ಕಂದು ಪರದೆ ತಂದು ಹಾಕಿದೆ. ಮಧ್ಯಾಹ್ನಕ್ಕೇ ನೋಟಿಸ್. ಹೊರಗಿನಿಂದ ಕಾಣುವ ಪರದೆ ಬಿಳಿಯದೇ ಇರಬೇಕು. ಸಹಿ ಅದೇ.

ಮೇ 19, 7.50
ಬುಲ್ಡೋಜರ್ ಬಂತು. ಅವರು ಆರು ಶನಿವಾರ ಹಸನು ಮಾಡಿದ ನೆಲವನ್ನು ಒಂದೇ ಸಲ ಕೆರೆದು ಬಿಸಾಡಿತು. ಆಮೇಲೆ ನನ್ನ ಸೋಫಾ ಎತ್ತಿತು. ಡ್ರೈವರ್ ಎಂಜಿನ್ ಆರಿಸಿ ಬೇಲಿಗೆ ಬಂದ.
"ತಾತ, ಇದು ಯಾರ್ದು ಗೊತ್ತಾ?"
ಎರಡು ಮನೆ ಆಚೆ ಕಾರ್ಲಿಸ್, ಕಾಫಿ ಕಪ್ ಹಿಡಿದು, ಬೇಲಿಗೆ ಒರಗಿ ನಿಂತಿದ್ದಳು. ಕಪ್ ಬಾಯಿಗೆ ಹೋಗಲಿಲ್ಲ. ಕಾಯುತ್ತಿದ್ದಳು.
ಜೀವಮಾನದಲ್ಲಿ ಯಾವ ಪ್ರಶ್ನೆಗೂ ತಡವರಿಸಿದವನಲ್ಲ ನಾನು. ಗಂಟಲು ಸರಿಮಾಡಿಕೊಂಡೆ. ಹೇಳಿದೆ, ಅದು ನಲವತ್ತೊಂದನೇ ಮನೆಯದು, ಅಂದರೆ ನನ್ನದು ಅಂತ.